ಬಲಹೊಟ್ಟೆಯ ಸೋರಿಕೆ: ತುಕ್ಕು ಹಿಡಿದ ಪೆಟ್ರೋಲ್ ಟಾಕಿಗೆ ಮನೆಯಂಗಳದಲ್ಲಿ ಹಾಕಿದ ಬೆಸುಗೆ

ಸೇಡಂ ತಾಲ್ಲೂಕಿನ ನಮ್ಮೂರಿನ ದನದ ಕೊಟ್ಟಿಗೆಯಲ್ಲಿ 11 ವರ್ಷ ಗೋಡೆಗೊರಗಿ ನಿಂತಿದ್ದ ಕಾಕಾನ ರಾಜದೂತ್ ಮೋಟರ್ ಸೈಕಲ್ಲನ್ನು ಅವರ ಮಗ ಮಾರ್ಚ್ ತಿಂಗಳಲ್ಲಿ ಟಂಟಂನಲ್ಲಿ ಹೇರಿಕೊಂಡು ಬಂದು ಕಲಬುರಗಿಯ ನಮ್ಮ ಮನೆಯಂಗಳದಲ್ಲಿ ಇಳಿಸಿದ. ಎಂಜಿನ್ ಎರಡೇ ದಿನದಲ್ಲಿ ಚಾಲೂ ಆಯಿತು. ಪೆಟ್ರೋಲ್ ಟಾಕಿ ಮಾತ್ರ, ಬಿಚ್ಚಿ ಕೆಳಗಿಳಿಸಿದ ಮೇಲೆ, ಆರು ದಿನ ಹಿಡಿಯಿತು. ಆ ಆರು ದಿನಗಳಲ್ಲಿ ಬೆಂಕಿ ಉರಿದದ್ದು ಎಲ್ಲ ಸೇರಿ 20 ನಿಮಿಷಕ್ಕಿಂತ ಕಡಿಮೆ; ಆ 20 ನಿಮಿಷಗಳಲ್ಲೇ ಒಂದು ಕ್ಷಣ ನಮ್ಮ ಎಣಿಕೆಯೆಲ್ಲ ತಲೆಕೆಳಗಾಯಿತು. ನಾನು ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಫಿಟ್ಟರ್ ವಿಭಾಗದ ಬೋಧಕ. ಬೆಸುಗೆಯ ಪಾಠವನ್ನು ವರ್ಷಕ್ಕೊಮ್ಮೆಯಾದರೂ ಮಾಡುತ್ತೇನೆ. ಪಾಠ ಹೇಳುವವನೇ ಎಡವಿದ್ದರಿಂದ, ಎಡವಿದ ಜಾಗವನ್ನು ಅಳತೆಯ ಸಮೇತ ಬರೆದಿಡುವುದು ಸರಿ ಎನಿಸಿತು.

ಟಾಕಿಯ ಸ್ಥಿತಿ

ಟಾಕಿ ಆ ಗಾಡಿಯದಲ್ಲ. ಕಾಕಾ ಎಂದೋ ಗುಜರಿ ಅಂಗಡಿಯಿಂದ ತಂದು ಕೂರಿಸಿದ್ದ ಬೇರೆ ಯಾವುದೋ ಗಾಡಿಯ ಟಾಕಿ. ಅದರ ನಡುವೆ ಚಾಸಿಯ ಪೈಪು ಹಾದುಹೋಗುವ ಕಮಾನಿದ್ದು, ಎತ್ತಿನ ಬೆನ್ನಿಗೆ ಹಾಕಿದ ಹಸಿಬೆ ಚೀಲದಂತೆ ಎರಡೂ ಪಕ್ಕಕ್ಕೆ ಎರಡು ಹೊಟ್ಟೆಗಳು ಇಳಿಬಿದ್ದಿದ್ದವು. ಪೆಟ್ರೋಲ್ ಇಳಿಯುವ ಕಾಕ್ ಎಡಹೊಟ್ಟೆಯ ತಳದಲ್ಲಿ ಮಾತ್ರ ಇತ್ತು. ಮುಂದೆ ನಡೆದ ಬಹುಪಾಲು ಸಂಗತಿಗಳಿಗೆ ಇದೇ ಮೂಲ.

ಅರ್ಧ ತುಂಬಿದ ಟಾಕಿಯೊಳಗೆ ಹಗಲು ಬಿಸಿಯಾದ ಗಾಳಿ ಹಿಗ್ಗಿ ಹೊರಹೋಗುತ್ತದೆ, ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿ ಒಳಬರುತ್ತದೆ; ಮಳೆಗಾಲದುದ್ದಕ್ಕೂ ಹೀಗೆ ಬಂದ ತೇವ ತಗಡಿನ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ. ಪೆಟ್ರೋಲಿನ ತೂಕ ಲೀಟರಿಗೆ ಮುಕ್ಕಾಲು ಕಿಲೋ ಆಸುಪಾಸಿನದು, ನೀರಿನದು ಒಂದು ಕಿಲೋ. ಆದ್ದರಿಂದ ನೀರು ಹೋಗಿ ತಳದಲ್ಲಿ ಕೂರುತ್ತದೆ. ಎಡಹೊಟ್ಟೆಗೆ ಸೇರಿದ ನೀರಿಗೆ ಕಾಕ್‌ನ ಮೂಲಕ ಎಂದಾದರೂ ಹೊರದಾರಿ ಸಿಗುತ್ತದೆ. ಬಲಹೊಟ್ಟೆಗೆ ಸೇರಿದ್ದು ಅಲ್ಲೇ ಉಳಿಯುತ್ತದೆ. ಗಾಡಿಯನ್ನು ಗೋಡೆಗೆ ಒರಗಿಸಿದ್ದೂ ಬಲಕ್ಕೇ ಆಗಿತ್ತು. ಹೀಗೆ 11 ವರ್ಷ ಒಂದೆರಡು ಚಮಚ ನೀರು ಒಂದೇ ಜಾಗದಲ್ಲಿ, ಎರಡು ತಗಡುಗಳು ಕೂಡುವ ಮಡಿಕೆಯ ಬಳಿ, ಕೂತು ತಗಡನ್ನು ತಿಂದಿತ್ತು.

ಹಳೆಯ ಪೆಟ್ರೋಲ್ ಒಣಗಿ ಕಂದುಬಣ್ಣದ ಅಂಟಾಗಿ ಆ ತೂತುಗಳನ್ನು ಮುಚ್ಚಿಕೊಂಡಿದ್ದರಿಂದ ಮೊದಲ ದಿನ ಏನೂ ಸೋರಲಿಲ್ಲ. ಹೊಸ ಪೆಟ್ರೋಲ್ ಎರಡು ಲೀಟರ್ ಹಾಕಿದ ಮರುದಿನ ಬೆಳಿಗ್ಗೆ ಗಾಡಿಯ ಕೆಳಗೆ ಫರಸಿಯ ಮೇಲೆ ಅಂಗೈಯಗಲ ಕಲೆ ಕಾಣಿಸಿತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ಅಂಟನ್ನು ಬಿಡಿಸುವುದರಲ್ಲಿ ಚುರುಕು, ನೀರನ್ನು ಹೀರಿಕೊಳ್ಳುವುದರಲ್ಲಿ ಇನ್ನೂ ಚುರುಕು. ನನ್ನ ತಮ್ಮ ಮೊದಲು ಮೈಸಾಬೂನು ಉಜ್ಜಿದ. ಪೆಟ್ರೋಲಿಗೆ ಸಾಬೂನು ಕರಗುವುದಿಲ್ಲವಾದ್ದರಿಂದ ಈ ಉಪಾಯ ಗ್ಯಾರೇಜು ಮುಟ್ಟುವವರೆಗೆ ನಡೆಯುತ್ತದೆ, ಅದರಾಚೆಗಲ್ಲ. ಆಮೇಲೆ ಎರಡು ಬಣ್ಣದ ಎಪಾಕ್ಸಿ ಮುದ್ದೆಯನ್ನು ಕಲಸಿ ಮೆತ್ತಿದೆವು. ಅದು ಐದು ದಿನ ನಿಂತಿತು. ಕಿತ್ತು ನೋಡಿದಾಗ ಮುದ್ದೆಯ ಒಳಮೈಗೆ ಬಣ್ಣದ ಚಕ್ಕೆ, ತುಕ್ಕಿನ ಹುಡಿ ಅಂಟಿಕೊಂಡೇ ಬಂದವು. ಅದು ಹಿಡಿದಿದ್ದದ್ದು ತುಕ್ಕನ್ನು. ತಗಡನ್ನು ಅದು ಮುಟ್ಟಿರಲೇ ಇಲ್ಲ.

ಟಾಕಿಯನ್ನು ಬಿಚ್ಚಿ, ಉಳಿದ ಪೆಟ್ರೋಲನ್ನು ಅಂಗಳದಲ್ಲಿ ಇಳಿಸದೆ ಎದುರಿನ ಖಾಲಿ ಸೈಟಿನಲ್ಲಿ ಇಳಿಸಿಕೊಂಡೆವು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಿದ್ದು ನೆಲದ ಮೇಲೆ ನೀರಿನಂತೆ ಹರಿಯುತ್ತದೆ. ನಮ್ಮ ಅಡುಗೆಮನೆ ಅಂಗಳಕ್ಕಿಂತ ಒಂದು ಮೆಟ್ಟಿಲು ತಗ್ಗಿನಲ್ಲಿದೆ. ಬಳಿಕ ಗಂಜಿನಲ್ಲಿ (ಕಾಳುಕಡಿ ಮಾರುಕಟ್ಟೆಯಲ್ಲಿ) ತೊಗರಿ ಚೀಲ ಹೊಲಿಯುವ ದಬ್ಬಣವೊಂದನ್ನು ತಂದು ತಳದುದ್ದಕ್ಕೂ ಒತ್ತಿ ನೋಡಿದೆ. ಸೋರುತ್ತಿದ್ದದ್ದು ಒಂದೇ ಕಡೆ. ದಬ್ಬಣ ಒಳಹೊಕ್ಕದ್ದು ನಾಲ್ಕು ಕಡೆ, ಎಲ್ಲವೂ ಬಲಹೊಟ್ಟೆಯ ಒಳಗೋಡೆಯಲ್ಲಿ, ಕಮಾನಿನ ಕಡೆಗೆ, ಒಂದು ಬೆಂಕಿಪೊಟ್ಟಣದಷ್ಟು ಜಾಗದೊಳಗೆ. ಕೈಯ ಬಲ ಹಾಕದೆ, ಹಪ್ಪಳಕ್ಕೆ ಚುಚ್ಚಿದಂತೆ ಅದು ಒಳಗೆ ಇಳಿಯುತ್ತಿತ್ತು.

ಖಾಲಿ ಟಾಕಿಯ ಲೆಕ್ಕ

ಬೆಸುಗೆಗೆ ಕರೆದದ್ದು ನಮ್ಮ ಓಣಿಯ ಹಿಂದಿನ ರಸ್ತೆಯಲ್ಲಿ ಮೂವತ್ತು ವರ್ಷದಿಂದ ಗ್ಯಾಸ್ ವೆಲ್ಡಿಂಗ್ ಮಾಡುತ್ತಿರುವ ಉಸ್ತಾದರನ್ನು. ಅವರ ಕೈ ನನ್ನ ಕೈಗಿಂತ ಎಷ್ಟೋ ಪಳಗಿದ್ದು. ಟಾಕಿಯನ್ನು ಮೂಸಿ ನೋಡಿ, "ಸರ, ಗಾಡಿ ಚಾಲೂ ಮಾಡಿ ಸೈಲೆನ್ಸರ್ ಹೊಗಿ ಒಂದ್ ಹತ್ ಮಿನಿಟ್ ಟಾಕ್ಯಾಗ ಬಿಟ್ರ ಸಾಕ್ರಿ, ನಾವು ಹಂಗೇ ಮಾಡ್ಕೋತ ಬಂದೀವಿ" ಎಂದರು. ಈ ರೂಢಿ ನಮ್ಮ ಭಾಗದ ಎಲ್ಲ ಊರುಗಳಲ್ಲೂ ಇದೆ. ಹೊಗೆಯಲ್ಲಿ ಆಮ್ಲಜನಕ ಇರುವುದಿಲ್ಲ, ಆದ್ದರಿಂದ ಆವಿ ಹೊತ್ತುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಆದರೆ ಡೀಸೆಲ್ ಎಂಜಿನ್ ನಿಂತಲ್ಲೇ ಓಡುವಾಗ ಬಿಡುವ ಹೊಗೆಯಲ್ಲಿ ಆಮ್ಲಜನಕ ಧಾರಾಳವಾಗಿ ಉಳಿದಿರುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಂತೂ ಸುಡದೆ ಉಳಿದ ಪೆಟ್ರೋಲನ್ನೇ ಹೊಗೆಯ ಜೊತೆ ಹೊರಹಾಕುತ್ತದೆ. ಆ ರಾಜದೂತಿನ ಹೊಗೆಯನ್ನು ಅದರದೇ ಟಾಕಿಗೆ ಬಿಟ್ಟಿದ್ದರೆ ಆವಿ ತೆಗೆಯಲು ಹೋಗಿ ಆವಿ ತುಂಬಿದಂತಾಗುತ್ತಿತ್ತು. ಇದನ್ನು ಹೇಳಿದಾಗ ಉಸ್ತಾದರು ಒಪ್ಪಿಕೊಂಡರು ಎನ್ನುವುದಕ್ಕಿಂತ, ಮಾಸ್ತರನ ಮಾತಿಗೆ ಎದುರಾಡಲಿಲ್ಲ ಎನ್ನುವುದು ಹೆಚ್ಚು ಸರಿ.

ಇಲ್ಲಿ ಒಂದು ಚಿಕ್ಕ ಲೆಕ್ಕ ಕೊಡುವುದು ಅಗತ್ಯ. ಗಾಳಿಯಲ್ಲಿ ಪೆಟ್ರೋಲಿನ ಆವಿ ಗಾತ್ರದಲ್ಲಿ ಶೇ 1.4ರಿಂದ 7.6ರಷ್ಟಿದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ನಮ್ಮ ಟಾಕಿಗೆ ನೀರು ಅಳೆದು ಹಾಕಿದಾಗ 12 ಲೀಟರಿಗೆ ತುಸು ಹೆಚ್ಚು ಹಿಡಿಯಿತು. 12 ಲೀಟರಿನ ಶೇ 1.4 ಎಂದರೆ 170 ಮಿ.ಲೀ.ನಷ್ಟು ಆವಿ, ಅಷ್ಟು ಆವಿಯಾಗಲು ಬೇಕಾದ ದ್ರವ ಪೆಟ್ರೋಲ್ ಸುಮಾರು 1 ಮಿ.ಲೀ., ಅಂದರೆ ಮಕ್ಕಳಿಗೆ ಔಷಧ ಹಾಕುವ ಡ್ರಾಪರಿನಲ್ಲಿ ಇಪ್ಪತ್ತು ಹನಿ. ನಾಲ್ಕೈದು ಮಿ.ಲೀ. ದಾಟಿದರೆ ಆವಿ ಅತಿಯಾಗಿ, ಟಾಕಿಯೊಳಗೆ ಹೊತ್ತುವುದೇ ಕಷ್ಟ. ತುಂಬಿದ ಟಾಕಿಗಿಂತ "ಖಾಲಿ" ಟಾಕಿ ಅಪಾಯಕಾರಿ ಎಂದು ಹೇಳುವುದು ಇದಕ್ಕೇ: ಬಗ್ಗಿಸಿ ಬರಿದು ಮಾಡಿದ ಮೇಲೆ ಮಡಿಕೆಗಳಲ್ಲಿ ಉಳಿಯುವ ಪೆಟ್ರೋಲ್ ಸರಿಯಾಗಿ ಈ ಅಳತೆಯ ನಡುವೆ ಬಂದು ನಿಲ್ಲುತ್ತದೆ. ಬೆಳಗಿನ ತಂಪಿನಲ್ಲಿ ಮಾಡಿದರೆ ಭಯವಿಲ್ಲ ಎಂಬ ಮಾತಿಗೂ ಆಧಾರವಿಲ್ಲ. ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಸಾಕು. ಬೀದರಿನ ಡಿಸೆಂಬರ್ ಚಳಿಯೂ ಅದರ ಪಾಲಿಗೆ ಬೇಸಿಗೆಯೇ.

ಹೀಗಾಗಿ ನೀರು ತುಂಬಿ ಗಾಳಿಗೆ ಜಾಗವೇ ಇಲ್ಲದಂತೆ ಮಾಡುವ ಹಳೆಯ ವಿಧಾನವನ್ನು ಆರಿಸಿಕೊಂಡೆವು. ಅದಕ್ಕೆ ಮುಂಚೆ ಬಟ್ಟೆ ಸೋಪಿನ ಪುಡಿ, ಬಿಸಿನೀರು, ಒಂದು ಹಿಡಿ ನಟ್ಟುಗಳನ್ನು ಹಾಕಿ ಒಮ್ಮೆ ಕುಲುಕಿ ತೊಳೆದು, ಹತ್ತು ಲೀಟರ್ ನೀರಿಗೆ ಒಂದು ಕಿಲೋ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿ ಒಂದು ರಾತ್ರಿ ಇಟ್ಟು ತುಕ್ಕು ಬಿಡಿಸಿದ್ದೆವು. ಬೆಳಿಗ್ಗೆ ಚೆಲ್ಲಿದ ನೀರು ಚಹದ ಬಣ್ಣಕ್ಕಿತ್ತು. ಒಳಗೆ ಟಾರ್ಚು ಹಾಕಿದರೆ ಬೂದು ತಗಡು ಕಾಣುತ್ತಿತ್ತು. ಪೆಟ್ರೋಲಿನ ವಾಸನೆಯಿರಲಿಲ್ಲ.

ಮೊದಲ ಯತ್ನ

ಸೋರುವ ಜಾಗ ತಳದಲ್ಲಿದ್ದುದರಿಂದ ಟಾಕಿಯನ್ನು ಕವುಚಿ ಹಾಕಬೇಕಿತ್ತು. ಕವುಚಿದರೆ ಪೆಟ್ರೋಲ್ ಹಾಕುವ ಬಾಯಿ ಕೆಳಗಾಗುತ್ತದೆ; ಅದಕ್ಕೆ ಸೈಕಲ್ ಟ್ಯೂಬಿನ ರಬ್ಬರ್ ಕತ್ತರಿಸಿಟ್ಟು ಮುಚ್ಚಳ ಬಿಗಿದೆವು. ಕಾಕ್ ಬಿಚ್ಚಿದ ತೂತು ಈಗ ಮೇಲ್ಗಡೆ, ಎಡಹೊಟ್ಟೆಯ ನೆತ್ತಿಯಲ್ಲಿ. ಅದರಲ್ಲಿ ಆಲಿಕೆಯಿಟ್ಟು ನೀರು ಹೊಯ್ದೆವು. ನೀರು ಏರಿ ಬಲಹೊಟ್ಟೆಯ ತುಕ್ಕಿನ ತೂತುಗಳಿಂದ ಜಿನುಗತೊಡಗಿದಾಗ ಎರಡೂ ಕಡೆ ತುಂಬಿತೆಂದು ತಿಳಿದೆವು. ಬೆಸುಗೆಯ ಜಾಗದ ಹಿಂದೆ ನೀರಿದ್ದರೆ ಶಾಖವನ್ನೆಲ್ಲ ಅದೇ ಕುಡಿದು ತಗಡು ಕಾಯುವುದಿಲ್ಲವಾದ್ದರಿಂದ, ಅರ್ಧ ಲೀಟರ್ ನೀರನ್ನು ಪೈಪಿನಿಂದ ಹೊರಗೆಳೆದೆವು.

ಟಾಕಿಯನ್ನು ಮೊದಲು ಅಂಗಳದ ಶಹಾಬಾದ್ ಫರಸಿಯ ಮೇಲಿಟ್ಟಿದ್ದೆವು. ಉಸ್ತಾದರು ಜ್ವಾಲೆ ಸರಿಪಡಿಸಿಕೊಳ್ಳುವಾಗ ಅದರ ತುದಿ ನೀರು ಕುಡಿದಿದ್ದ ಕಲ್ಲಿಗೆ ತಾಗಿ, ಪಟ್ಟನೆ ನಾಲ್ಕಾಣೆಯಗಲದ ಚಕ್ಕೆಯೊಂದು ಸಿಡಿದು ಅವರ ಕನ್ನಡಕಕ್ಕೆ ಬಡಿಯಿತು. ಟಾಕಿಯನ್ನು ಭಟ್ಟಿ ಇಟ್ಟಿಗೆಗಳ ಮೇಲಕ್ಕೆ ಸರಿಸಿದೆವು. ಆ ಕನ್ನಡಕ ಅಂದು ಎರಡು ಸಲ ಉಪಯೋಗಕ್ಕೆ ಬಂದಿತು.

ಹಿತ್ತಾಳೆ ರಾಡು, ಬಿಳಿಗಾರ, ಆಕ್ಸಿಜನ್ ಮತ್ತು ಅಸಿಟಿಲೀನ್. ತಗಡು ಕೆಂಪಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಕೆಂಪಾದ ಕೂಡಲೇ ತೂತಿನ ಸುತ್ತಲ ತಗಡು ಸುಟ್ಟ ಕಾಗದದಂತೆ ಹಿಂದೆ ಸರಿಯಿತು. ಕಡಲೆಬೇಳೆಯಷ್ಟಿದ್ದ ತೂತು ಹುಣಸೆಬೀಜದಷ್ಟಾಯಿತು. ಉಸ್ತಾದರು ರಾಡನ್ನು ತರುವಷ್ಟರಲ್ಲಿ ಧಬ್ಬೆಂದು ದಪ್ಪ ಸದ್ದಾಯಿತು. ತೂತಿನಿಂದ ನೀಲಿ ನಾಲಗೆಯೊಂದು ಹೊರಚಾಚಿ ಮರೆಯಾಯಿತು. ಅದೇ ಕ್ಷಣದಲ್ಲಿ ಎಡಹೊಟ್ಟೆಯ ಕಾಕ್ ತೂತಿನಿಂದ ನೀರು ಆಳೆತ್ತರಕ್ಕೆ ಚಿಮ್ಮಿ ಮೂವರನ್ನೂ ತೋಯಿಸಿತು. ಉಸ್ತಾದರು ರೂಢಿಯಂತೆ ತೂತಿಗೆ ಎದುರಾಗದೆ ಪಕ್ಕಕ್ಕೆ ಕೂತಿದ್ದರು. ಅವರ ಮುಖಕ್ಕೆ ಬಂದದ್ದು ನೀರಷ್ಟೇ. ಯಾರಿಗೂ ಏನೂ ಆಗಲಿಲ್ಲ. ಒಳಗಿನಿಂದ ಓಡಿಬಂದ ನಮ್ಮ ಅವ್ವ ಟಾಕಿಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, "ಕಣ್ಣಿಗಿಂತ ಟಾಕಿ ಹೆಚ್ಚಾಯ್ತೇನೋ ನಿಮಗ?" ಎಂದಳು. ಉಸ್ತಾದರು ಸಿಲಿಂಡರ್ ಬಂದ್ ಮಾಡಿ, "ಸರ, ಇವತ್ತ ಸಾಕ್ರಿ" ಎಂದು ಹೊರಟರು.

ಏನಾಯಿತು

ಮಧ್ಯಾಹ್ನ ಟಾಕಿಯನ್ನು ಹಾಗೆಯೇ ಕವುಚಿಟ್ಟು, ತೂತಿನವರೆಗೆ ಮತ್ತೆ ನೀರು ತುಂಬಿ, ಈ ಸಲ ಬಲಹೊಟ್ಟೆ ಮೇಲಾಗುವಂತೆ ಮೆಲ್ಲಗೆ ಓರೆ ಮಾಡಿದೆ. ತೂತಿನಿಂದ ಗುಳುಗುಳು ಎಂದು ಗುಳ್ಳೆಗಳು ಬರತೊಡಗಿದವು. ಗುಳ್ಳೆ ನಿಲ್ಲುವವರೆಗೆ ತುಂಬಿದ ಹೆಚ್ಚುವರಿ ನೀರು 700 ಮಿ.ಲೀ. ಆಯಿತು.

ತೂತುಗಳು ಒಳಗೋಡೆಯಲ್ಲಿದ್ದರೂ ಹೊಟ್ಟೆಯ ತಳದ ಮಟ್ಟದಲ್ಲೇ ಇವೆ ಎಂದು ನಾವು ಭಾವಿಸಿದ್ದೆವು. ನಿಜಕ್ಕೂ ಅವು ತಳಕ್ಕಿಂತ ಎರಡು ಬೆರಳು ಮೇಲೆ ಇದ್ದವು. ಕವುಚಿದಾಗ ತಳವೇ ನೆತ್ತಿಯಾಗುತ್ತದೆ. ನೀರು ತೂತಿನ ಮಟ್ಟಕ್ಕೆ ಏರಿ ಹೊರಗೆ ಜಿನುಗತೊಡಗಿದ ಮೇಲೆ ಆ ನೆತ್ತಿಯೊಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಎಡಹೊಟ್ಟೆಯ ಗಾಳಿ ಕಾಕ್ ತೂತಿನಿಂದ ಹೋಯಿತು, ಬಲಹೊಟ್ಟೆಯದು ಸಿಕ್ಕಿಬಿದ್ದಿತು. ಅದರ ಮೇಲೆ ಅರ್ಧ ಲೀಟರ್ ನೀರನ್ನು ನಾವೇ ಹೊರಗೆಳೆದೆವು. ತುಂಬಿದೆ ಎಂದುಕೊಂಡ ಟಾಕಿಯಲ್ಲಿ, ಜ್ವಾಲೆಯ ಬಾಯಿಗೇ ಸರಿಯಾಗಿ, ಒಂದು ಲೀಟರಿಗೂ ಮಿಕ್ಕಿ ಗಾಳಿಯಿತ್ತು.

ಆ ಗಾಳಿಗೆ ಉರಿಯುವಂಥದ್ದು ಎಲ್ಲಿಂದ ಬಂತು ಎಂಬುದು ನನಗೆ ಹೆಚ್ಚು ಮುಖ್ಯವಾದ ಪ್ರಶ್ನೆಯಾಗಿತ್ತು, ಏಕೆಂದರೆ ವಾಸನೆ ಇರಲಿಲ್ಲ. ರಾಜದೂತಿಗೆ ಪೆಟ್ರೋಲಿನ ಜೊತೆ 2ಟಿ ಎಣ್ಣೆ (ಎರಡು ಸ್ಟ್ರೋಕಿನ ಎಂಜಿನ್ನಿನ ಎಣ್ಣೆ) ಬೆರೆಸಿ ಹಾಕುತ್ತಾರೆ. ಪೆಟ್ರೋಲ್ ಆರಿಹೋದರೂ ಎಣ್ಣೆ ಆರುವುದಿಲ್ಲ. ತುಕ್ಕಿನ ಪದರಗಳ ನಡುವೆ, ಅಂಟಿನ ಕೆಳಗೆ, ಮಡಿಕೆಯ ಸಂದಿಯಲ್ಲಿ ಸೇರಿಕೊಂಡಿರುತ್ತದೆ. ತಣ್ಣಗಿರುವಾಗ ಅದಕ್ಕೆ ಹೇಳಿಕೊಳ್ಳುವಂಥ ಆವಿಯೂ ಇಲ್ಲ, ವಾಸನೆಯೂ ಇಲ್ಲ. ತಗಡು ಕೆಂಪಾದಾಗ ಅದು ಒಮ್ಮೆಲೇ ಆವಿಯಾಗುತ್ತದೆ. ಡೀಸೆಲ್ ಟಾಕಿಗಳಿಗೂ ಇದೇ ಅನ್ವಯಿಸುತ್ತದೆ. ಡೀಸೆಲ್ ತಣ್ಣಗಿದ್ದಾಗ ಸುಲಭಕ್ಕೆ ಹೊತ್ತುವುದಿಲ್ಲವೆಂಬ ಧೈರ್ಯದಿಂದ ಟ್ರ್ಯಾಕ್ಟರ್ ಟಾಕಿಗೆ ನೇರವಾಗಿ ಜ್ವಾಲೆ ಹಿಡಿಯುವವರಿದ್ದಾರೆ, ಆದರೆ ಜ್ವಾಲೆ ಹಿಡಿದ ಜಾಗದಲ್ಲಿ ಡೀಸೆಲ್ ತಣ್ಣಗೆ ಉಳಿದಿರುವುದಿಲ್ಲ.

ನಾನು ತೊಳೆದ ಕ್ರಮವೂ ತಪ್ಪಾಗಿತ್ತು. ಸೋಪಿನಿಂದ ತೊಳೆದದ್ದು ತುಕ್ಕು ಬಿಡಿಸುವ ಮೊದಲು, ಒಂದೇ ಸಲ. ತುಕ್ಕಿನ ಕೆಳಗಿದ್ದ ಎಣ್ಣೆಯನ್ನು ಸೋಪು ಮುಟ್ಟಿರಲಿಲ್ಲ. ನಿಂಬೆ ಉಪ್ಪು ತುಕ್ಕನ್ನು ಕಿತ್ತು ಆ ಎಣ್ಣೆಯನ್ನು ಮೇಲಕ್ಕೆ ತಂದಿತ್ತು, ಆದರೆ ಹುಳಿಗೆ ಎಣ್ಣೆ ಬಿಡುವುದಿಲ್ಲ. ಪಾತ್ರೆಗೆ ಕಲಾಯಿ ಹಾಕುವವರು ನಮ್ಮ ಓಣಿಗೆ ಬರುತ್ತಿದ್ದ ಕಾಲದಲ್ಲಿ, ತಿಕ್ಕಿ ತೊಳೆದ ಪಾತ್ರೆಯೊಳಗೆ ನೀರು ಹೊಯ್ದು ತಿರುಗಿಸಿ ನೋಡುತ್ತಿದ್ದದ್ದು ಈಗ ನೆನಪಾಯಿತು. ನೀರು ಒಂದೇ ಹಾಳೆಯಂತೆ ಹರಡಿ ನಿಂತರೆ ಲೋಹ ಶುಚಿ, ಹರಿದು ಹನಿಹನಿಯಾದರೆ ಜಿಡ್ಡು ಉಳಿದಿದೆ. ನಮ್ಮ ಟಾಕಿಯೊಳಗೆ ಟಾರ್ಚು ಹಾಕಿ ನೋಡಿದಾಗ ಬಲಹೊಟ್ಟೆಯಲ್ಲಿ ನೀರು ಕೆಸುವಿನೆಲೆಯ ಮೇಲಿನಂತೆ ಹನಿಗಟ್ಟಿತ್ತು. ಒಂದು ಲೋಟ ನೀರು, ಒಂದು ಟಾರ್ಚು, ಎರಡು ನಿಮಿಷ: ಇದನ್ನು ಬೆಳಿಗ್ಗೆಯೇ ಮಾಡಬಹುದಿತ್ತು.

ಮುಚ್ಚಿದ ಪಾತ್ರೆಯಲ್ಲಿ ಇಂಥ ಮಿಶ್ರಣ ಹೊತ್ತಿದರೆ ಒತ್ತಡ ಏಳೆಂಟು ಪಟ್ಟು ಏರುತ್ತದೆ. ನಮ್ಮದರಲ್ಲಿ ಗಾಳಿ ಒಂದೇ ಲೀಟರಿನಷ್ಟಿತ್ತು, ನೀರಿಗೆ ಹೊರಹೋಗಲು ಕಾಕ್ ತೂತು ತೆರೆದಿತ್ತು. ಹಾನಿ ಬಲಹೊಟ್ಟೆಯ ಗೋಡೆ ಮೂರು ಮಿ.ಮೀ. ಉಬ್ಬುವುದಕ್ಕೆ ಮುಗಿಯಿತು. ಅರ್ಧಂಬರ್ಧ ಮಾಡಿದ ನೀರಿನ ಉಪಾಯವೂ ನಮ್ಮನ್ನು ಉಳಿಸಿತು ಎಂದೇ ಹೇಳಬೇಕು.

ಎರಡನೆಯ ಯತ್ನ

ನಾಲ್ಕನೆಯ ದಿನ ಪೂರ್ತಿ ತೊಳೆಯುವುದಕ್ಕೇ ಹೋಯಿತು. ಬಚ್ಚಲ ಹಂಡೆಯಲ್ಲಿ ಕುದಿಸಿದ ನೀರಿಗೆ ವಾಷಿಂಗ್ ಸೋಡಾ ಬೆರೆಸಿ ನಾಲ್ಕು ಸಲ ತುಂಬಿ, ಪ್ರತಿ ಸಲವೂ ಅರ್ಧ ಗಂಟೆ ಬಿಟ್ಟು ಕುಲುಕಿ ಚೆಲ್ಲಿದೆವು. ಮೂರನೆಯ ಸಲದವರೆಗೂ ಚೆಲ್ಲಿದ ನೀರಿನ ಮೇಲೆ ಬಣ್ಣಬಣ್ಣದ ಜಿಡ್ಡು ತೇಲುತ್ತಿತ್ತು. ನಾಲ್ಕನೆಯದಾದ ಮೇಲೆ ಒಳಗೋಡೆಯ ಮೇಲೆ ನೀರು ಹಾಳೆಯಾಗಿ ನಿಂತಿತು.

ಉಸ್ತಾದರು ಐದನೆಯ ದಿನ ಬಂದಾಗ ಎರಡು ವಿಷಯ ಬದಲಾಗಿದ್ದವು. ಒಂದು, ತೂತನ್ನು ಹಿತ್ತಾಳೆಯಿಂದ ತುಂಬುವ ಯೋಚನೆಯನ್ನೇ ಬಿಟ್ಟೆವು. ನಾವು ಮಾಡಹೊರಟಿದ್ದ ಈ ಬಗೆಯ ಬೆಸುಗೆ ಬ್ರೇಜಿಂಗ್; ಬ್ರೇಜಿಂಗ್ ಎಂದರೆ ಮೂಲ ಲೋಹ ಕರಗದಂತೆ, 450 ಡಿಗ್ರಿಗಿಂತ ಮೇಲೆ ಕರಗುವ ಬೇರೊಂದು ಲೋಹವನ್ನು ಸಂದಿಗೆ ಹರಿಸುವುದು. ದೀಪದ ಬತ್ತಿಗೆ ಎಣ್ಣೆ ಏರುವಂತೆ ಅದು ಕಿರಿದಾದ ಸಂದಿಯೊಳಗೆ ತಾನೇ ಎಳೆದುಕೊಂಡು ಹೋಗುತ್ತದೆ. ಇದಕ್ಕೆ ಬೇಕಾದದ್ದು ಮಿಲಿಮೀಟರಿನ ಹತ್ತನೆಯ ಒಂದರಷ್ಟು ಸಂದಿ ಮತ್ತು ಎರಡೂ ಕಡೆ ಗಟ್ಟಿ ತಗಡು. ತುಕ್ಕಿನ ತೂತಿನ ಅಂಚಿನಲ್ಲಿ ಎರಡೂ ಇರುವುದಿಲ್ಲ. ಆದ್ದರಿಂದ ದಬ್ಬಣ ಹೊಕ್ಕ ಜಾಗವನ್ನೆಲ್ಲ ತಗಡಿನ ಕತ್ತರಿಯಿಂದ ಕತ್ತರಿಸಿ ತೆಗೆದೆ. ಕಿಡಿ ಹಾರಿಸುವ ಗ್ರೈಂಡರನ್ನು ಹತ್ತಿರಕ್ಕೆ ತರಲಿಲ್ಲ. ದಬ್ಬಣಕ್ಕೆ ಜಗ್ಗದ ತಗಡು ಸಿಗುವವರೆಗೆ ಕತ್ತರಿಸುತ್ತ ಹೋದಾಗ ಕಿಂಡಿ 48 ಮಿ.ಮೀ. ಉದ್ದ, 30 ಮಿ.ಮೀ. ಅಗಲವಾಯಿತು. ಅದಕ್ಕೆ ಸುತ್ತಲೂ 10 ಮಿ.ಮೀ. ಮೇಲೆ ಕೂರುವ ಹೊಸ ತಗಡಿನ ತೇಪೆಯನ್ನು ಬಡಿದು ಬಾಗಿಸಿ, ಎರಡೂ ಮೈಗಳನ್ನು ಎಮರಿ ಕಾಗದದಿಂದ ಬೆಳ್ಳಗೆ ತಿಕ್ಕಿದೆ. ತೇಪೆ ಕೂರಿಸುವುದಕ್ಕೇ ಎರಡೂವರೆ ಗಂಟೆ ಹಿಡಿಯಿತು.

ಇನ್ನೊಂದು ಬದಲಾವಣೆ ರಾಡಿನದು. ಹಿತ್ತಾಳೆ ರಾಡು ಕರಗಲು ಸುಮಾರು 900 ಡಿಗ್ರಿ ಬೇಕು. ಅದರೊಳಗಿನ ಸತು 907 ಡಿಗ್ರಿಗೆ ಕುದಿಯುತ್ತದೆ, ತುಸು ಹೆಚ್ಚು ಕಾಯಿಸಿದರೂ ಬಿಳಿ ಹೊಗೆಯಾಗಿ ಏಳುತ್ತದೆ, ಆ ಹೊಗೆ ಕುಡಿದವರಿಗೆ ಸಂಜೆಗೆ ಚಳಿಜ್ವರ. ಮಿಲಿಮೀಟರಿಗಿಂತ ತೆಳುವಾದ ಹಳೆಯ ತಗಡಿಗೆ ಅಷ್ಟು ಶಾಖ ದಂಡವೇ ಸರಿ. ಶೇ 45ರಷ್ಟು ಬೆಳ್ಳಿಯಿರುವ ರಾಡು 680 ಡಿಗ್ರಿಯೊಳಗೆ ಹರಿಯುತ್ತದೆ. ಪತ್ತಾರರು ಬಿಳಿಗಾರ ಹಚ್ಚಿ ಊದುಗೊಳವೆಯಿಂದ ಮಾಡುವ ಕೆಲಸ ಇದರ ಚಿಕ್ಕಮ್ಮನ ಮಗಳಿದ್ದಂತೆ. ಬೆಲೆ ಹೆಚ್ಚು, ಆದರೆ ನಮಗೆ ಬೇಕಾದದ್ದು ಒಂದೂವರೆ ಗೇಣು ಮಾತ್ರ. ಕ್ಯಾಡ್ಮಿಯಂ ಇಲ್ಲದ ರಾಡನ್ನೇ ಕೇಳಿ ತರಿಸಿದೆ. ಹಳೆಯ ಬಗೆಯ ಬೆಳ್ಳಿ ರಾಡುಗಳಲ್ಲಿರುವ ಕ್ಯಾಡ್ಮಿಯಂನ ಹೊಗೆ ಸತುವಿನ ಹೊಗೆಯಂತೆ ಒಂದು ರಾತ್ರಿಯ ಜ್ವರಕ್ಕೆ ಮುಗಿಯುವುದಲ್ಲ, ಪುಪ್ಪುಸವನ್ನೇ ಕೆಡಿಸುತ್ತದೆ.

ನೀರು ತುಂಬುವ ಕ್ರಮಕ್ಕೆ ಗೌಂಡಿಗಳ ಮಟ್ಟದ ಪೈಪು ನೆರವಾಯಿತು. ಕಾಕ್‌ನ ಜಾಗಕ್ಕೆ ನಳಿಗೆಯೊಂದನ್ನು ಬಿಗಿದು ಅದಕ್ಕೆ ಎರಡು ಮೀಟರ್ ಪಾರದರ್ಶಕ ಪೈಪು ಸಿಕ್ಕಿಸಿ, ಬಲಹೊಟ್ಟೆಯ ಕಿಂಡಿಯೇ ಟಾಕಿಯ ಅತಿ ಎತ್ತರದ ಜಾಗವಾಗುವಂತೆ ಇಟ್ಟಿಗೆ ಕೊಟ್ಟು ಓರೆ ನಿಲ್ಲಿಸಿ, ಪೈಪನ್ನು ಮೇಲಕ್ಕೆತ್ತಿ ಕೋಲಿಗೆ ಕಟ್ಟಿದೆವು. ಒಳಗಿನ ನೀರಿನ ಮಟ್ಟ ಪೈಪಿನಲ್ಲಿ ಕಣ್ಣಿಗೆ ಕಾಣುತ್ತದೆ. ಬಿಸಿಗೆ ಒಳಗಿನ ಗಾಳಿ ಹಿಗ್ಗಿದರೆ ನೀರು ಪೈಪಿನಲ್ಲೇರಿ ಚೆಲ್ಲುತ್ತದೆ, ಒತ್ತಡ ಕಟ್ಟುವುದಿಲ್ಲ. ನೀರನ್ನು ಕಿಂಡಿಯ ಅಂಚಿಗಿಂತ 4 ಸೆಂ.ಮೀ. ಕೆಳಗೆ ನಿಲ್ಲಿಸಿ, ಉಳಿದ ಆ ಚಿಕ್ಕ ಜಾಗಕ್ಕೆ ಉಸ್ತಾದರ ಅಂಗಡಿಯಲ್ಲಿದ್ದ ಮಿಗ್ ವೆಲ್ಡಿಂಗಿನ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಿಂದ ಅನಿಲವನ್ನು ಮೆಲ್ಲಗೆ ಎರಡು ನಿಮಿಷ ಬಿಟ್ಟೆವು. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಬಟ್ಟಲಿನಲ್ಲಿ ಹಾಲು ಕೂತಂತೆ ಕೂರುತ್ತದೆ. ಕೂಡಲೇ ತೇಪೆಯಿಟ್ಟು ತಂತಿಯಿಂದ ಬಿಗಿದೆವು.

ಉಳಿದದ್ದು ಉಸ್ತಾದರ ಕೆಲಸ, ಮತ್ತು ಅದನ್ನು ನೋಡುವುದೇ ಒಂದು ಸುಖ. ಜ್ವಾಲೆಯನ್ನು ಎಲ್ಲಿಯೂ ನಿಲ್ಲಿಸದೆ ತೇಪೆಯ ಸುತ್ತ ಆಡಿಸುತ್ತಿದ್ದರು. ಬೆಸುಗೆಗೆ ಮೊದಲು ತಗಡಿಗೆ ಹಚ್ಚುವ ಫ್ಲಕ್ಸ್ ಎಂಬ ಬಿಳಿಯ ಲೇಪ ಮೊದಲು ಕುದಿದು, ಆಮೇಲೆ ಹಿಟ್ಟಿನಂತಾಗಿ, ಕೊನೆಗೆ ಕರಗಿ ಗಾಜಿನಂತೆ ತಿಳಿಯಾಯಿತು. ತಗಡಿಗೆ ಮಬ್ಬುಗೆಂಪು ಆಗಷ್ಟೇ ಹತ್ತುತ್ತಿತ್ತು. ಆಗ ರಾಡಿನ ತುದಿಯನ್ನು ಜ್ವಾಲೆಗೆ ಒಡ್ಡದೆ ತಗಡಿಗೆ ಮುಟ್ಟಿಸಿದರು. ಬೆಳ್ಳಿ ಒಂದು ಗೆರೆಯಾಗಿ ಅಂಚಿನೊಳಗೆ ಸರ್ರನೆ ಹೊಕ್ಕಿತು. ಮೂರು ಅಂಚು ಹೀಗೇ ಮುಗಿದವು. ನಾಲ್ಕನೆಯದರ ಮೂಲೆಯಲ್ಲಿ ಮಾತ್ರ ಕರಗಿದ ಬೆಳ್ಳಿಯಲ್ಲಿ ಗುಳ್ಳೆಯೆದ್ದು ಒಡೆಯುತ್ತಿತ್ತು. ಜಾಗ ಪೂರ್ತಿ ಮುಚ್ಚಿಕೊಳ್ಳುತ್ತಿದ್ದುದರಿಂದ ಒಳಗಿನ ಅನಿಲ ಅಲ್ಲೇ ದಾರಿ ಮಾಡಿಕೊಳ್ಳುತ್ತಿತ್ತು. "ಪೈಪ್ ಸ್ವಲ್ಪ ಕೆಳಗ ಹಿಡೀರಿ ಸರ" ಎಂದರು. ಪೈಪಿನ ಬಾಯಿಯನ್ನು ನಾಲ್ಕು ಬೆರಳು ಇಳಿಸಿದೆ. ಒಂದು ಲೋಟದಷ್ಟು ನೀರು ಹೊರಬಂದು ಒಳಗಿನ ಒತ್ತಡ ಇಳಿಯಿತು, ಗುಳ್ಳೆ ನಿಂತಿತು, ಬೆಳ್ಳಿ ಮೂಲೆಯನ್ನು ಸುತ್ತಿ ಕೂಡಿಕೊಂಡಿತು. ಪುಸ್ತಕದಲ್ಲಿ ನಾನು ಓದದ ಸಂಗತಿ ಇದು. ಅವರು ಇದನ್ನು ಯೋಚಿಸಿ ಹೇಳಿದಂತೆಯೂ ಇರಲಿಲ್ಲ.

ತಣ್ಣಗಾದ ಮೇಲೆ ಗಾಜುಗಟ್ಟಿದ ಫ್ಲಕ್ಸನ್ನು ಬಿಸಿನೀರು, ತಂತಿ ಬ್ರಷ್ಷಿನಿಂದ ಪೂರ್ತಿ ತೆಗೆದೆವು; ಉಳಿದರೆ ಅದು ತೇವ ಹೀರಿ ಹೊಸ ತಗಡನ್ನೂ ತಿನ್ನುತ್ತದೆ.

ಪರೀಕ್ಷೆ

ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸೋಣವೆಂದು ತಮ್ಮ ಹೇಳಿದ. ಅಂಥ ಕಂಪ್ರೆಸರಿನ ಗಾಳಿ ಚದರ ಸೆಂ.ಮೀ.ಗೆ 7 ಕಿಲೋ ಒತ್ತಬಲ್ಲದು. ಟಾಕಿಯ ಒಂದು ಪಕ್ಕ 400 ಚದರ ಸೆಂ.ಮೀ. ಎಂದು ಹಿಡಿದರೂ ಅದರ ಮೇಲೆ ಬೀಳುವ ಭಾರ 2,800 ಕಿಲೋ. ಬದಲಾಗಿ ಟಾಕಿಯನ್ನು ನೆಟ್ಟಗೆ ನಿಲ್ಲಿಸಿ ನೀರನ್ನು ಕಂಠದವರೆಗೆ ತುಂಬಿ, ಬಾಯಿ ಬಿಗಿದು, ಅದೇ ಪೈಪನ್ನು ಟಾಕಿಯ ಮೇಲಕ್ಕೆ ಒಂದು ಮೀಟರ್ ಎತ್ತಿ ಕಟ್ಟಿದೆವು. ಒಂದು ಮೀಟರ್ ನೀರಿನ ಎತ್ತರ ಚದರ ಸೆಂ.ಮೀ.ಗೆ 0.1 ಕಿಲೋ ಒತ್ತುತ್ತದೆ. ಟಾಕಿ ದಿನನಿತ್ಯ ಎಂದೂ ಕಾಣದಷ್ಟು, ಆದರೆ ಹಿಗ್ಗಿ ಒಡೆಯದಷ್ಟು. ಬೆಸುಗೆಯ ಸುತ್ತಲೂ, ತಳದ ಮಡಿಕೆಯುದ್ದಕ್ಕೂ ಸೀಮೆಸುಣ್ಣ ತಿಕ್ಕಿ ರಾತ್ರಿಯಿಡೀ ಬಿಟ್ಟೆವು.

ಬೆಳಿಗ್ಗೆ ತೇಪೆಯ ಸುತ್ತ ಸುಣ್ಣ ಬೆಳ್ಳಗೇ ಇತ್ತು. ಎಡಹೊಟ್ಟೆಯ ಮಡಿಕೆಯಲ್ಲಿ, ಈವರೆಗೆ ಯಾರೂ ಅನುಮಾನಿಸದ ಜಾಗದಲ್ಲಿ, ಸೂಜಿ ಗೀರಿದಷ್ಟು ಉದ್ದದ ಬೂದು ಗೆರೆಯೊಂದು ಮೂಡಿತ್ತು. ದಬ್ಬಣ ಅಲ್ಲಿ ಒಳಹೋಗಲಿಲ್ಲ. ತಗಡು ಗಟ್ಟಿಯಿದ್ದು ಮಡಿಕೆಯ ಸಂದಿ ಮಾತ್ರ ಬಾಯಿಬಿಟ್ಟಿತ್ತು. ಅದಕ್ಕೆ ಬ್ರೇಜಿಂಗ್ ಬೇಡವೆಂದು ನಾನೂ ಉಸ್ತಾದರೂ ಒಮ್ಮತಕ್ಕೆ ಬಂದೆವು. ಪಕ್ಕದ ಸ್ಪಾಟ್ ವೆಲ್ಡಿಂಗ್ ಸಾಲಿಗೆ ಕೆಂಪು ಕಾವು ತಾಗಿದರೆ ಹೊಸ ಸೋರಿಕೆ ಹುಟ್ಟುವ ಸಂಭವ ಹೆಚ್ಚಿತ್ತು. 183 ಡಿಗ್ರಿಗೆ ಕರಗತೊಡಗುವ ತವರ-ಸೀಸದ ಮೆದು ಬೆಸುಗೆಯನ್ನು, ಅಂಗಳದ ಆಚೆ ತುದಿಯ ಒಲೆಯಲ್ಲಿ ಕಾಯಿಸಿ ತಂದ ತಾಮ್ರದ ತುದಿಯ ಬೆಸುಗೆ ಕೋಲಿನಿಂದ, ಜ್ವಾಲೆಯನ್ನು ಟಾಕಿಯ ಹತ್ತಿರಕ್ಕೇ ತರದೆ ಹರಿಸಿದೆವು. ಕಾದ ತಾಮ್ರವೂ ಪೆಟ್ರೋಲಿನ ಆವಿಯನ್ನು ಹೊತ್ತಿಸುವಷ್ಟು ಬಿಸಿಯಿರುತ್ತದೆಂಬುದು ನೆನಪಿನಲ್ಲಿದ್ದುದರಿಂದ ನೀರನ್ನೂ ಅನಿಲವನ್ನೂ ಹಿಂದಿನಂತೆಯೇ ತುಂಬಿಕೊಂಡಿದ್ದೆವು.

ಆರನೆಯ ದಿನದ ಬಿಸಿಲಿಗೆ ಟಾಕಿ ಎರಡು ತಾಸಿನಲ್ಲಿ ಒಣಗಿತು. ಹುಳಿಯಿಂದ ತೊಳೆದ ಬರಿ ಕಬ್ಬಿಣ ತೇವ ಸಿಕ್ಕರೆ ಗಂಟೆಯೊಳಗೇ ಕೆಂಪಾಗತೊಡಗುತ್ತದೆ. ಹಾಗಾಗಿ ಒಣಗಿದ ತಕ್ಷಣ ಸ್ವಲ್ಪ ಪೆಟ್ರೋಲಿಗೆ 2ಟಿ ಎಣ್ಣೆ ಹೆಚ್ಚಾಗಿಯೇ ಬೆರೆಸಿ ಒಳಗೆಲ್ಲ ಸವರುವಂತೆ ತಿರುಗಿಸಿದೆವು. ಮಳೆಗಾಲ ಮುಗಿದ ಮೇಲೆ ಒಮ್ಮೆ, ಸಂಕ್ರಾಂತಿಗೆ ಊರಿಗೆ ಹೋದಾಗ ಇನ್ನೊಮ್ಮೆ ತಳಕ್ಕೆ ಸೀಮೆಸುಣ್ಣ ತಿಕ್ಕಿ ನೋಡಿದ್ದೇನೆ. ಎರಡೂ ಹೊಟ್ಟೆ ಒಣಗಿವೆ. ಕತ್ತರಿಸಿ ತೆಗೆದ ಹಳೆಯ ತಗಡಿನ ತುಂಡನ್ನು ಉಸ್ತಾದರು ತಮ್ಮ ಅಂಗಡಿಯ ಗೋಡೆಗೆ ಮೊಳೆ ಹೊಡೆದು ತೂಗಿಹಾಕಿದ್ದಾರೆ. ಈಗ ಟಾಕಿ ತರುವ ಗಿರಾಕಿಗಳಿಗೆ ಅದನ್ನು ಬೆಳಕಿಗೆ ಹಿಡಿದು ತೋರಿಸಿ, ಮೊದಲು ಮನೆಯಲ್ಲಿ ಸೋಡಾ ಹಾಕಿ ನಾಲ್ಕು ಸಲ ತೊಳೆದುಕೊಂಡು ಬರುವಂತೆ ಹಿಂದಕ್ಕೆ ಕಳಿಸುತ್ತಾರಂತೆ.